ಬೆರಳುಹಲಗೆಯ ಮೇಲಿನ ಮುತ್ತಿನ ಚುಕ್ಕೆಗಳು

ಮೈಸೂರಿನ ಅರಮನೆಯನ್ನು ನೋಡಲು ಹೋದವರು ಅಂಬಾವಿಲಾಸದ ಬೀಟೆಮರದ ಬಾಗಿಲಿನ ಮುಂದೆ ಒಂದು ಕ್ಷಣ ನಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಕಪ್ಪಿಗೆ ತಿರುಗಿದ ಮರದ ಮೈಯಲ್ಲಿ ಬಿಳಿಯ ದಂತದ ಚಿತ್ತಾರ ಮೂಡಿ ನಿಂತಿರುತ್ತದೆ. ಅದು ಬಳಿದ ಬಣ್ಣವಲ್ಲ, ಮೇಲೆ ಅಂಟಿಸಿದ ಹಾಳೆಯೂ ಅಲ್ಲ. ದಂತದ ತುಂಡಿನ ಆಕಾರಕ್ಕೆ ಸರಿಯಾಗಿ ಮರವನ್ನು ಕೊರೆದು ಕುಳಿ ಮಾಡಿ, ಆ ಕುಳಿಯಲ್ಲಿ ತುಂಡನ್ನು ಕೂಡಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ಉಜ್ಜಿದ ಕೆಲಸ ಅದು. ಈ ಅರಮನೆಯ ಕಟ್ಟಡವು 1912ರಲ್ಲಿ ಪೂರ್ಣಗೊಂಡಿತು. ಆದರೆ ಈ ಕೈಗಾರಿಕೆ ಅಂದಿಗೇ ನಿಂತುಹೋಗಲಿಲ್ಲ. ಇನ್‌ಲೇ ಕೆಲಸವೆಂದು ಊರಿನಲ್ಲೆಲ್ಲ ಹೆಸರಾದ ಈ ಕಲೆ ಇಂದಿಗೂ ಮೈಸೂರಿನ ಕುಶಲಕರ್ಮಿಗಳ ಕೈಯಲ್ಲಿ ಜೀವಂತವಾಗಿದೆ. ಮೈಸೂರು ಬೀಟೆಮರದ ಇನ್‌ಲೇ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ.

ಇದೇ ಕೆಲಸವನ್ನು, ಬಹುಮಟ್ಟಿಗೆ ಇದೇ ಜಾತಿಯ ಮರದ ಮೇಲೆ, ಸಾವಿರಾರು ಮೈಲಿ ದೂರದ ಅಮೆರಿಕದವರೂ ಮಾಡಿದ್ದಾರೆ. ಅವರು ಅದನ್ನು ಮಾಡಿದ್ದು ಬಾಗಿಲಿನ ಮೇಲಲ್ಲ, ಗಿಟಾರಿನ ಕತ್ತಿನ ಮೇಲೆ. ವಿದ್ಯುತ್ ಗಿಟಾರನ್ನೋ, ಪಿಟೀಲಿನಂತೆ ಕಮಾನಾಗಿ ಉಬ್ಬಿದ ಮೈಯುಳ್ಳ 'ಆರ್ಚ್‌ಟಾಪ್' ಗಿಟಾರನ್ನೋ ಹತ್ತಿರದಿಂದ ನೋಡಿದ ವಿದ್ಯಾರ್ಥಿಗಳು ಒಂದು ವಿಷಯವನ್ನು ಗಮನಿಸಿರಬಹುದು. ತಂತಿಗಳ ಕೆಳಗಿರುವ ಕರಿಯ ಬೆರಳುಹಲಗೆಯ ಮೇಲೆ ಅಲ್ಲಲ್ಲಿ ಬಿಳಿಯ ಚುಕ್ಕೆಗಳೋ, ಚೌಕಗಳೋ ಹೊಳೆಯುತ್ತಿರುತ್ತವೆ. ಇವು ಬರಿಯ ಅಲಂಕಾರವೇ? ಏಕೆ ಕೆಲವು ಮನೆಗಳಲ್ಲಿ ಮಾತ್ರ ಇವೆ? ಚಿಪ್ಪು ಹೊಳೆಯುವುದೇಕೆ? ಇವುಗಳಿಂದ ವಾದ್ಯದ ನಾದ ಬದಲಾಗುತ್ತದೆಯೆ? ಈ ಪ್ರಶ್ನೆಗಳಿಗೆ ಕಾಲೇಜಿನ ಭೌತಶಾಸ್ತ್ರದ ನೆರವಿನಿಂದಲೇ ಉತ್ತರವನ್ನು ಕಂಡುಕೊಳ್ಳಬಹುದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಪ್ರಯತ್ನಿಸುತ್ತೇವೆ.

ಮೆಟ್ಟಿಲುಗಳ ಲೆಕ್ಕ

ನಮಗೆ ಪರಿಚಯವಾದ ವೀಣೆಯಿಂದಲೇ ಮೊದಲುಮಾಡೋಣ. ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳಿರುತ್ತವೆ. ಅವುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಮೇಳ ಕಟ್ಟುವವನು ಒಂದೊಂದು ಮೆಟ್ಟಿಲನ್ನೂ ಕಿವಿಯಿಂದಲೇ ಪರೀಕ್ಷಿಸಿ ಅದರ ಸ್ಥಾನವನ್ನು ಗೊತ್ತುಮಾಡುತ್ತಾನೆ. ಮೇಣ ಸಡಿಲವಾದರೆ ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿನಲ್ಲಿಯಾದರೋ ಮೆಟ್ಟಿಲು ಎಂದರೆ ಲೋಹದ ತಂತಿಯ ತುಂಡು. ಬೆರಳುಹಲಗೆಯಲ್ಲಿ ಗರಗಸದಿಂದ ಸೀಳು ಮಾಡಿ ಅದನ್ನು ಒತ್ತಿ ಕೂರಿಸುತ್ತಾರೆ. ಒಮ್ಮೆ ಸೀಳಿದ ಮೇಲೆ ಸ್ಥಾನವನ್ನು ಬದಲಿಸುವಂತಿಲ್ಲ. ಆದುದರಿಂದ ಅಲ್ಲಿ ಕಿವಿಗಿಂತ ಮೊದಲು ಗಣಿತವು ಕೆಲಸ ಮಾಡಬೇಕಾಗುತ್ತದೆ.

ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುವುದು ಗಿಟಾರಿನ ಪದ್ಧತಿ. ಸ್ಥಾಯಿಯೊಂದು ಏರಿದರೆ ಕಂಪನಸಂಖ್ಯೆ ಇಮ್ಮಡಿಯಾಗುತ್ತದೆ. ಆದುದರಿಂದ ಒಂದೊಂದು ಮೆಟ್ಟಿಲಿಗೂ ಕಂಪನಸಂಖ್ಯೆಯನ್ನು ಯಾವ ಸಂಖ್ಯೆಯಿಂದ ಗುಣಿಸುತ್ತೇವೆಯೋ ಅದನ್ನು 12 ಬಾರಿ ಗುಣಿಸಿದಾಗ 2 ಬರಬೇಕು. ಆ ಸಂಖ್ಯೆ 1.05946. ತಂತಿಯ ಬಿಗಿತ ಬದಲಾಗದಿದ್ದರೆ ಕಂಪನಸಂಖ್ಯೆಯು ಉದ್ದಕ್ಕೆ ವಿಲೋಮವಾಗಿರುತ್ತದೆಯಷ್ಟೆ. ಆದಕಾರಣ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಉಳಿಯುವ ತಂತಿಯ ಉದ್ದವು ಹಿಂದಿನ ಉದ್ದವನ್ನು 1.05946ರಿಂದ ಭಾಗಿಸಿದಷ್ಟು ಆಗುತ್ತದೆ. ಬೇರೆ ರೀತಿಯಲ್ಲಿ ಹೇಳುವುದಾದರೆ, ಉಳಿದ ಉದ್ದವನ್ನು 17.817ರಿಂದ ಭಾಗಿಸಿ ಬಂದಷ್ಟು ದೂರದಲ್ಲಿ ಮುಂದಿನ ಮೆಟ್ಟಿಲನ್ನು ಇಡಬೇಕು. ಹಿಂದಿನ ಕಾಲದ ಕುಶಲಕರ್ಮಿಗಳು ಸುಲಭವಾಗಲೆಂದು 18ರಿಂದ ಭಾಗಿಸುತ್ತಿದ್ದರು. ಈ ಅಲ್ಪ ವ್ಯತ್ಯಾಸವು ಮೆಟ್ಟಿಲಿನಿಂದ ಮೆಟ್ಟಿಲಿಗೆ ಸೇರುತ್ತ ಹೋಗಿ, 648 ಮಿ.ಮೀ. ಉದ್ದದ ತಂತಿಯಲ್ಲಿ 12ನೆಯ ಮೆಟ್ಟಿಲು ನಟ್ಟನಡುವೆ ಬರುವ ಬದಲು ಸುಮಾರು 2.4 ಮಿ.ಮೀ. ಹಿಂದೆ ಉಳಿಯುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಮಾಡಿ ನೋಡಬಹುದು.

ಹೀಗೆ ಜೋಡಿಸಿದ 21, 22 ಅಥವಾ 24 ಮೆಟ್ಟಿಲುಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಮನುಷ್ಯನ ಕಣ್ಣು ಎಣಿಸದೆಯೇ ಒಂದೇ ನೋಟದಲ್ಲಿ ಗುರುತಿಸಬಲ್ಲದ್ದು ನಾಲ್ಕು ವಸ್ತುಗಳನ್ನು ಮಾತ್ರ. ನುಡಿಸುತ್ತಿರುವಾಗ ಎಣಿಸುತ್ತ ಕೂರುವುದು ಸಾಧ್ಯವಿಲ್ಲ. ಆದುದರಿಂದ ರಸ್ತೆಯ ಬದಿಯ ಮೈಲಿಗಲ್ಲುಗಳಂತೆ ಗುರುತುಗಳು ಬೇಕಾದುವು. ಸಾಮಾನ್ಯವಾಗಿ 3, 5, 7, 9 ಮತ್ತು 12ನೆಯ ಮೆಟ್ಟಿಲುಗಳಿಗೆ ಗುರುತು ಇರುತ್ತದೆ. ಸ್ಥಾಯಿ ಪೂರ್ಣವಾಗುವ 12ರಲ್ಲಿ ಜೋಡಿ ಚುಕ್ಕೆ ಇಡುವುದು ಪದ್ಧತಿ. ಅನಂತರ 15, 17, 19, 21 ಎಂದು ಅದೇ ಕ್ರಮವು ಮರುಕಳಿಸುತ್ತದೆ. ಗುರುತನ್ನು ಮೆಟ್ಟಿಲಿನ ಮೇಲಲ್ಲ, ಅದರ ಹಿಂದಿನ ಮನೆಯ ನಡುವೆ ಇಡುತ್ತಾರೆ. ಬೆರಳು ಒತ್ತುವುದು ಅಲ್ಲಿಯೇ ತಾನೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಗಿಟಾರನ್ನು ಎದೆಗೊತ್ತಿ ನುಡಿಸುವವನಿಗೆ ಬೆರಳುಹಲಗೆಯ ಮುಖವು ಸರಿಯಾಗಿ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಕತ್ತಿನ ಅಂಚು. ಅಂಚಿನ ಮೇಲೆ ಅವನಿಗಾಗಿಯೇ ಸಣ್ಣ ಚುಕ್ಕೆಗಳನ್ನು ಬೇರೆಯಾಗಿ ಇಟ್ಟಿರುತ್ತಾರೆ. ಹಾಗಾದರೆ ಮುಖದ ಮೇಲಿನ ದೊಡ್ಡ ಚಿತ್ತಾರವು ಬಹುಮಟ್ಟಿಗೆ ಎದುರಿಗೆ ಕುಳಿತ ಸಭಿಕರಿಗಾಗಿ! ಗುರುತಾಗಿ ಹುಟ್ಟಿದ್ದು ಒಡವೆಯಾಗಿ ಬೆಳೆಯಲು ಇದೇ ಅವಕಾಶ ಕೊಟ್ಟಿತು.

ತಂತಿ ತಾನೇ ಇಟ್ಟ ಗುರುತುಗಳು

3, 5, 7, 9, 12 ಎಂಬ ಈ ಮೆಟ್ಟಿಲುಗಳಲ್ಲಿ ಏನಾದರೂ ವಿಶೇಷವಿದೆಯೆ? ತಂತಿಯನ್ನು ಮೀಟಿದಾಗ ಅದು ಒಂದೇ ತುಂಡಾಗಿ ಮಾತ್ರವಲ್ಲದೆ, ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಏಕಕಾಲದಲ್ಲಿ ಕಂಪಿಸುತ್ತದೆಂಬುದನ್ನು ಓದಿದ್ದೇವೆ. ಭಾಗಗಳು ಕೂಡುವ ಸ್ಥಳದಲ್ಲಿ ತಂತಿ ಅಲುಗುವುದಿಲ್ಲ. ಅದನ್ನು ನಿಸ್ಪಂದ ಬಿಂದುವೆನ್ನುತ್ತೇವೆ. 648 ಮಿ.ಮೀ. ತಂತಿಯಲ್ಲಿ ಮೆಟ್ಟಿಲುಗಳ ದೂರವನ್ನೂ ಸರಳ ಭಿನ್ನರಾಶಿಗಳ ದೂರವನ್ನೂ ಹೋಲಿಸಿ ನೋಡೋಣ. ದೂರವನ್ನೆಲ್ಲ ತಲೆಯ ಕಡೆಯ ಕಟ್ಟೆಯಿಂದ ಅಳೆಯಬೇಕು.

3ನೆಯ ಮೆಟ್ಟಿಲು 103.1 ಮಿ.ಮೀ.; ತಂತಿಯ 1/6 ಭಾಗ 108.0 ಮಿ.ಮೀ.
5ನೆಯ ಮೆಟ್ಟಿಲು 162.5 ಮಿ.ಮೀ.; ತಂತಿಯ 1/4 ಭಾಗ 162.0 ಮಿ.ಮೀ.
7ನೆಯ ಮೆಟ್ಟಿಲು 215.5 ಮಿ.ಮೀ.; ತಂತಿಯ 1/3 ಭಾಗ 216.0 ಮಿ.ಮೀ.
9ನೆಯ ಮೆಟ್ಟಿಲು 262.7 ಮಿ.ಮೀ.; ತಂತಿಯ 2/5 ಭಾಗ 259.2 ಮಿ.ಮೀ.
12ನೆಯ ಮೆಟ್ಟಿಲು 324.0 ಮಿ.ಮೀ.; ತಂತಿಯ 1/2 ಭಾಗ 324.0 ಮಿ.ಮೀ.

5 ಮತ್ತು 7ರಲ್ಲಿ ವ್ಯತ್ಯಾಸ ಅರ್ಧ ಮಿಲಿಮೀಟರು ಮಾತ್ರ. 12ರಲ್ಲಿ ಏನೂ ಇಲ್ಲ. 12, 7, 5ರ ಲೋಹದ ಮೇಲೆ ಬೆರಳನ್ನು ಒತ್ತದೆ, ಕೇವಲ ಸೋಕಿಸಿ ಮೀಟಿದರೆ ಗಂಟೆಯಂಥ ತೆಳುವಾದ ಸ್ವರ ಹೊರಡುವುದು ಇದೇ ಕಾರಣದಿಂದ. 9ರ ಬಳಿ ಮೂರೂವರೆ ಮಿ.ಮೀ. ಹಿಂದಕ್ಕೂ, 3ರ ಬಳಿ ಸುಮಾರು ಐದು ಮಿ.ಮೀ. ಮುಂದಕ್ಕೂ ಸೋಕಿಸಬೇಕಾಗುತ್ತದೆ. ಸಂಗೀತದ ಭಾಷೆಯಲ್ಲಿ ಈ ಅಂತರವೇ ಸ್ವಯಂಭೂ ಸ್ವರಕ್ಕೂ ಸಮಪಾಲಿನ ಸ್ವರಕ್ಕೂ ಇರುವ ಅಂತರ. ಪಂಚಮದ ಶುದ್ಧ ಪ್ರಮಾಣ 3:2. ಸಮಪಾಲಿನ ಗಿಟಾರು ಅದಕ್ಕೆ ಬಹಳ ಹತ್ತಿರ ಬರುತ್ತದೆ. 6:5 ಪ್ರಮಾಣದ ಗಾಂಧಾರ ಮತ್ತು 5:3 ಪ್ರಮಾಣದ ಧೈವತಗಳಲ್ಲಿ ಅದು ಸ್ವಲ್ಪ ದೂರ ಸರಿಯುತ್ತದೆ. ಮೇಣದ ಮೆಟ್ಟಿಲಿನ ವೀಣೆಗೆ ಈ ಕಷ್ಟವಿಲ್ಲ. ಕಿವಿ ಒಪ್ಪಿದ ಕಡೆ ಮೆಟ್ಟಿಲನ್ನು ಇಡಬಹುದು.

ಹಾಗೆಂದು ಚುಕ್ಕೆಗಳನ್ನು ಪ್ರಕೃತಿನಿಯಮವೇ ಗೊತ್ತುಮಾಡಿದೆಯೆಂದು ಆತುರದಿಂದ ತೀರ್ಮಾನಿಸಬಾರದು. 5:4 ಎಂಬ ಸೊಗಸಾದ ಪ್ರಮಾಣವುಳ್ಳ ಅಂತರ ಗಾಂಧಾರವು 4ನೆಯ ಮೆಟ್ಟಿಲಿನ ಬಳಿ ಇದೆ, ಅಲ್ಲಿ ಚುಕ್ಕೆಯಿಲ್ಲ. ಬ್ಯಾಂಜೋ, ಮ್ಯಾಂಡೊಲಿನ್ ವಾದ್ಯಗಳಲ್ಲಿ ಸಾಮಾನ್ಯವಾಗಿ 9ರ ಬದಲು 10ನೆಯ ಮೆಟ್ಟಿಲಿಗೆ ಗುರುತು ಇಡುತ್ತಾರೆ. ಆದುದರಿಂದ ಇದು ಅರ್ಧ ಪ್ರಕೃತಿ, ಅರ್ಧ ರೂಢಿ. 3, 5, 7, 9ರ ಜೋಡಣೆಯಲ್ಲಿ ಇನ್ನೊಂದು ಅನುಕೂಲವಿದೆ: 12ರಿಂದ ಹಿಂದಕ್ಕೆ ಎಣಿಸಿದರೂ ಮುಂದಕ್ಕೆ ಎಣಿಸಿದಂತೆಯೇ 3, 5, 7, 9 ಬರುತ್ತದೆ. 10ರ ಪದ್ಧತಿಯಲ್ಲಿಯೂ ನಮಗೊಂದು ಕೌತುಕ ಕಾದಿದೆ. ಬಿಡಿ ತಂತಿಯನ್ನು ಷಡ್ಜವೆಂದು ಇಟ್ಟುಕೊಂಡು 3, 5, 7, 10, 12ರ ಗುರುತುಗಳ ಮೇಲೆಯೇ ಬೆರಳಿಟ್ಟು ಹೋದರೆ ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ, ತಾರ ಷಡ್ಜಗಳು ಬರುತ್ತವೆ. ಇದು ನಮ್ಮ ಶುದ್ಧ ಧನ್ಯಾಸಿಯ ಆರೋಹಣವೇ ಆಗಿದೆ. ಇದನ್ನು ಕಾಕತಾಳೀಯವೆಂದು ತಿಳಿಯಬೇಕಲ್ಲದೆ ಬೇರೇನನ್ನೂ ಊಹಿಸಬೇಕಾಗಿಲ್ಲ. ಆದರೂ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನ ಸಿಕ್ಕದು.

ಚುಕ್ಕೆಯಿಂದ ಬಳ್ಳಿಯವರೆಗೆ

ಆಕಾರಗಳ ಇತಿಹಾಸವನ್ನು ನೋಡಿದರೆ ವಾದ್ಯದ ಬೆಲೆಯನ್ನೂ ಅದರಲ್ಲಿ ಓದಬಹುದು. ಕಮಾನುಮೈಯ ಗಿಟಾರುಗಳಿಗೆ ಹೆಸರಾದ ಗಿಬ್ಸನ್ ಸಂಸ್ಥೆಯ 'ಎಲ್-5' 1922ರಲ್ಲಿ ಬಂದಿತು. ಮೊದಲು ಅದರಲ್ಲಿ ಸಾಧಾರಣ ಚುಕ್ಕೆಗಳಿದ್ದು, ಅನಂತರ ಮನೆಯನ್ನೆಲ್ಲ ತುಂಬುವ ಚೌಕಗಳು ಬಂದುವು. 1934ರಲ್ಲಿ ಬಂದ 'ಸೂಪರ್ 400'ರ ಹೆಸರೇ ಅದರ ಬೆಲೆ: 400 ಡಾಲರು. ಅದರ ಚೌಕಗಳನ್ನು ಓರೆಯಾಗಿ ಸೀಳಿ ಎರಡು ತುಂಡು ಮಾಡಿದ್ದರು. 1949ರ 'ಇಎಸ್-175'ರಲ್ಲಿ ಜೋಡಿ ಸಮಾಂತರ ಚತುರ್ಭುಜಗಳನ್ನು ಕಾಣುತ್ತೇವೆ. 1952ರ 'ಲೆಸ್ ಪಾಲ್' ವಿದ್ಯುತ್ ಗಿಟಾರು ತ್ರಾಪಿಜ್ಯ ಆಕಾರವನ್ನು ಪ್ರಸಿದ್ಧಿಗೆ ತಂದಿತು. 1954ರಲ್ಲಿ ಬಂದ ಅದರ ದುಬಾರಿ ಬಗೆಗೆ ಕರಿಯ ಎಬೊನಿ ಹಲಗೆಯ ಮೇಲೆ ಮುತ್ತಿನ ಚಿಪ್ಪಿನ ಚೌಕಗಳು ದೊರೆತುವು.

ಇದಕ್ಕೆ ಎದುರಾಗಿ ಫೆಂಡರ್ ಸಂಸ್ಥೆಯವರು 1950ರಿಂದ ಮಾರಾಟಮಾಡಿದ ವಿದ್ಯುತ್ ಗಿಟಾರುಗಳಲ್ಲಿ ಬಿಳಿಯ ಮೇಪಲ್ ಮರದ ಕತ್ತಿನ ಮೇಲೆ ಕರಿಯ ಚುಕ್ಕೆಗಳನ್ನಷ್ಟೇ ಇಟ್ಟರು. ದುಂಡನೆಯ ತೂತನ್ನು ಬೈರಿಗೆಯಿಂದ ಒಂದು ಕ್ಷಣದಲ್ಲಿ ಕೊರೆಯಬಹುದು. ಮೂಲೆಗಳುಳ್ಳ ಕುಳಿಯನ್ನು ಹಾಗೆ ಕೊರೆಯಲಾಗದು. ತಿರುಗುವ ಉಪಕರಣವು ಎಷ್ಟೇ ಸಣ್ಣದಾದರೂ ಮೂಲೆಯಲ್ಲಿ ದುಂಡನ್ನು ಉಳಿಸುತ್ತದೆ. ಅದನ್ನು ಉಳಿಯಿಂದ ಬಿಡಿಸಬೇಕು. ಅಗ್ಗದ ವಾದ್ಯಕ್ಕೆ ಚುಕ್ಕೆ, ದುಬಾರಿ ವಾದ್ಯಕ್ಕೆ ಚೌಕ ಎಂಬ ಭೇದದ ಮೂಲ ಇಲ್ಲಿದೆ. ಗ್ರೆಚ್ ಸಂಸ್ಥೆಯ ಹೆಬ್ಬೆರಳಿನ ಉಗುರಿನಾಕಾರದ ಗುರುತುಗಳು, 1985ರಲ್ಲಿ ಮೊದಲಾದ ಪಿಆರ್‌ಎಸ್ ಸಂಸ್ಥೆಯ ಹಾರುವ ಹಕ್ಕಿಗಳು, 1980ರ ದಶಕದ ಕೊನೆಯಲ್ಲಿ ಜಪಾನಿನ ಐಬನೆಜ್ ಸಂಸ್ಥೆಯವರು ಕತ್ತಿನುದ್ದಕ್ಕೂ ಹಬ್ಬಿಸಿದ ಬಳ್ಳಿ, ಇವೆಲ್ಲ ಮುಂದಿನ ಬೆಳವಣಿಗೆಗಳು. ಆ ಬಳ್ಳಿಯನ್ನು ನೋಡಿದ ಮೈಸೂರಿನ ಕುಶಲಕರ್ಮಿಗೆ ಅದರಲ್ಲಿ ಹೊಸದೇನೂ ಕಾಣದು.

ಚಿಪ್ಪಿನ ಬಣ್ಣ ಯಾರದು?

ಈ ಕೆಲಸಕ್ಕೆ ಮೊದಲಿನಿಂದ ಒದಗಿದ ವಸ್ತು ಮುತ್ತಿನ ಚಿಪ್ಪು. ಮುತ್ತನ್ನು ಕೊಡುವ ಸಿಂಪಿಯ ಒಳಮೈ ಅದು. ಹಸಿರು, ನೀಲಿ ಹೆಚ್ಚಾಗಿ ಹೊಳೆಯುವ ಅಬಲೋನೆ ಎಂಬ ಶಂಖಜಾತಿಯ ಚಿಪ್ಪನ್ನೂ ಬಳಸುತ್ತಾರೆ. ಚಿಪ್ಪನ್ನು ಪುಡಿಮಾಡಿದರೆ ಬಿಳಿಯ ಪುಡಿ ಉಳಿಯುತ್ತದೆಯೇ ಹೊರತು ಕೆಂಪು ಹಸಿರು ಬಣ್ಣಗಳಾವುವೂ ಇರುವುದಿಲ್ಲ. ಹಾಗಾದರೆ ಬಣ್ಣ ಎಲ್ಲಿತ್ತು?

ಉತ್ತರವು ಚಿಪ್ಪಿನ ರಚನೆಯಲ್ಲಿದೆ. ಸುಣ್ಣದ ಕಾರ್ಬೊನೇಟಿನ ಒಂದು ರೂಪವಾದ ಅರಗೊನೈಟಿನ ಚಪ್ಪಟೆ ಹರಳುಗಳು ಇಟ್ಟಿಗೆಯ ಗೋಡೆಯಂತೆ ವರಸೆವರಸೆಯಾಗಿ ಕೂತಿರುತ್ತವೆ. ವರಸೆಗಳ ನಡುವೆ ಪ್ರೋಟೀನು ಮೊದಲಾದವುಗಳ ತೆಳುಗಾರೆಯಿರುತ್ತದೆ. ಒಂದು ವರಸೆಯ ದಪ್ಪವು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಹೆಚ್ಚು ಕಡಿಮೆ ಬೆಳಕಿನ ತರಂಗದೂರದಷ್ಟೇ. ಒಂದೊಂದು ವರಸೆಯಿಂದಲೂ ಸ್ವಲ್ಪ ಬೆಳಕು ಹಿಂತಿರುಗುತ್ತದೆ. ಹಾಗೆ ಹಿಂತಿರುಗಿದ ತರಂಗಗಳು ಉಬ್ಬಿಗೆ ಉಬ್ಬು ಸೇರಿದರೆ ಆ ಬಣ್ಣ ಪ್ರಬಲವಾಗುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಅಳಿಯುತ್ತದೆ. ಇದೇ ವ್ಯತಿಕರಣ. ಸಾಬೂನಿನ ಗುಳ್ಳೆಯ ಬಣ್ಣಕ್ಕೂ ನೀರಿನ ಮೇಲಿನ ಎಣ್ಣೆಯ ಬಣ್ಣಕ್ಕೂ ಇದೇ ಕಾರಣ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವರಸೆಯ ದಪ್ಪ 350 ನ್ಯಾನೋಮೀಟರು, ವಕ್ರೀಭವನಾಂಕ 1.6 ಎಂದಿಟ್ಟುಕೊಂಡರೆ, ನೇರವಾಗಿ ಬಿದ್ದ ಬೆಳಕಿಗೆ ಪಥವ್ಯತ್ಯಾಸವು 2 × 1.6 × 350, ಅಂದರೆ 1120 ನ್ಯಾನೋಮೀಟರು. ಇದರ ಒಂದು ಪಟ್ಟು ಕಣ್ಣಿಗೆ ಕಾಣದ ಅವಕೆಂಪಿನಲ್ಲಿದೆ. ಅರ್ಧ 560, ಇದು ಹಸಿರು. ಮೂರನೆಯ ಒಂದು ಪಾಲು 373, ಇದು ಅತಿನೇರಳೆ. ಆದುದರಿಂದ ಕಣ್ಣಿಗೆ ಹಸಿರು ಮಾತ್ರ ತೋರುತ್ತದೆ. ಈಗ ವಾದ್ಯವನ್ನು ಸ್ವಲ್ಪ ವಾಲಿಸಿ, ಚಿಪ್ಪಿನೊಳಗೆ ಕಿರಣವು 20 ಅಂಶ ಓರೆಯಾಯಿತೆನ್ನೋಣ. ಪಥವ್ಯತ್ಯಾಸವನ್ನು ಆ ಕೋನದ ಕೊಸೈನಾದ 0.94ರಿಂದ ಗುಣಿಸಬೇಕು. 560 ಇದ್ದದ್ದು 526ಕ್ಕೆ ಇಳಿದು, ಬಣ್ಣವು ನೀಲಿಯ ಕಡೆಗೆ ಜಾರುತ್ತದೆ. ವಾದಕನು ಅಲುಗಿದಂತೆಲ್ಲ ಚುಕ್ಕೆಗಳು ಬಣ್ಣ ಬದಲಿಸುವುದರ ಗುಟ್ಟು ಇಷ್ಟೆ. ಎಲ್ಲ ಸ್ಥಳಗಳಲ್ಲಿಯೂ ದಪ್ಪ ಒಂದೇ ಆಗಿಲ್ಲವಾದುದರಿಂದ ಹಲವು ಬಣ್ಣಗಳು ಬೆರೆತು ಬೆಳ್ಳಿಯ ಹೊಳಪು ಹುಟ್ಟುತ್ತದೆ.

ಅನುಕರಣದ ವಸ್ತುಗಳು

ಚಿಪ್ಪು ದುಬಾರಿ, ಅದು ಬಾಗಿಯೂ ಇರುವುದರಿಂದ ದೊಡ್ಡ ಚಪ್ಪಟೆ ತುಂಡು ಸಿಗುವುದು ಕಷ್ಟ. ಆದುದರಿಂದ ಅದಕ್ಕೆ ಬದಲಾದ ವಸ್ತುಗಳು ಬಂದುವು. ಅವುಗಳಲ್ಲಿ ಮೊದಲನೆಯದು ಸೆಲ್ಯುಲಾಯ್ಡ್. ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತನು ಬಿಲಿಯರ್ಡ್ಸ್ ಚೆಂಡುಗಳಿಗೆ ದಂತದ ಬದಲು ಬೇರೆ ವಸ್ತುವನ್ನು ಹುಡುಕುತ್ತಿದ್ದಾಗ ನೈಟ್ರೊಸೆಲ್ಯುಲೋಸಿಗೆ ಕರ್ಪೂರವನ್ನು ಬೆರೆಸಿ ಇದನ್ನು ರೂಢಿಗೆ ತಂದನು. 1870ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇದರಲ್ಲಿ ಹೊಳೆಯುವ ಕಣಗಳನ್ನು ಬೆರೆಸಿ ಸುಳಿಸುಳಿಯಾಗಿ ಮಾಡಿದರೆ ಮುತ್ತಿನ ಹೋಲಿಕೆ ಬರುತ್ತದೆ. ಮೀನಿನ ಹುರುಪೆಯಿಂದ ತೆಗೆದ ಗ್ವಾನೀನ್ ಎಂಬ ವಸ್ತುವಿನ ಚಪ್ಪಟೆ ಹರಳುಗಳು ಇಂಥ ಹೊಳಪಿಗೆ ಹಿಂದೆ ಬಹಳವಾಗಿ ಬಳಕೆಯಾಗುತ್ತಿದ್ದುವು. 'ಲೆಸ್ ಪಾಲ್'ನ ತ್ರಾಪಿಜ್ಯಗಳು ಈ ಬಗೆಯ ಪ್ಲಾಸ್ಟಿಕಿನವೇ.

ಆದರೆ ಸೆಲ್ಯುಲಾಯ್ಡಿಗೆ ಮುಪ್ಪುಂಟು. ಹತ್ತಾರು ವರ್ಷಗಳಲ್ಲಿ ಕರ್ಪೂರವು ಮೆಲ್ಲಗೆ ಆರಿಹೋಗಿ ತುಂಡು ಕುಗ್ಗುತ್ತದೆ, ಹಳದಿಯಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಬೆಂಕಿಗೂ ಅದು ಬೇಗ ತುತ್ತಾಗುತ್ತದೆ. ಈಚಿನ ಅಕ್ರಿಲಿಕ್ ಮೊದಲಾದ ಪ್ಲಾಸ್ಟಿಕುಗಳಲ್ಲಿ ಈ ದೋಷಗಳು ಕಡಿಮೆ. ಕಲ್ಲಿನಂಥ ಚಿಪ್ಪು ಮಾತ್ರ ತಲೆಮಾರುಗಳು ಕಳೆದರೂ ಹೊಳಪನ್ನು ಬಿಡುವುದಿಲ್ಲ.

ಮರ ಉಸಿರಾಡುತ್ತದೆ

ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಚಿಪ್ಪಿಗೆ ಇಂಥ ಸ್ವಭಾವವಿಲ್ಲ. ಮರದಲ್ಲಿ ಕೊರೆದ ಕುಳಿಯು ಆ ಮರದಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆಂಬುದನ್ನು ನೆನಪಿಡಬೇಕು. ಬೇಸಿಗೆಯಲ್ಲಿ ಹಲಗೆಯ ಅಗಲವು ನೂರಕ್ಕೆ ಒಂದರಷ್ಟು ಕುಗ್ಗಿತೆಂದು ಇಟ್ಟುಕೊಳ್ಳೋಣ. 6 ಮಿ.ಮೀ. ಚುಕ್ಕೆಯ ಕುಳಿ ಕುಗ್ಗುವುದು 0.06 ಮಿ.ಮೀ.; ಒಂದು ಕೂದಲೆಳೆಯ ದಪ್ಪ. ಅಂಟಿನ ಪದರವೇ ಅದನ್ನು ತಾಳಿಕೊಳ್ಳಬಲ್ಲದು. 40 ಮಿ.ಮೀ. ಅಗಲದ ಚೌಕದಲ್ಲಿ ಅದು 0.4 ಮಿ.ಮೀ. ಆಗುತ್ತದೆ. ಆಗ ಮರ ಸೀಳಬೇಕು, ಇಲ್ಲವೆ ಚಿಪ್ಪು ಮೇಲಕ್ಕೆ ಎದ್ದು ಬರಬೇಕು. ಚೆನ್ನಾಗಿ ಹದಗೊಂಡ ಹಳೆಯ ಮರವನ್ನು ಕುಶಲಕರ್ಮಿಗಳು ಹುಡುಕುವುದು ಚಪಲಕ್ಕಲ್ಲ.

ಇನ್ನೊಂದು ತೊಡಕು ಹಲಗೆಯ ಬಾಗು. ಬೆರಳುಹಲಗೆಯು ಚಪ್ಪಟೆಯಾಗಿರದೆ ಒಂದು ದೊಡ್ಡ ಉರುಳೆಯ ಮೈಯಂತೆ ಬಾಗಿರುತ್ತದೆ. ಉರುಳೆಯ ತ್ರಿಜ್ಯ 12 ಅಂಗುಲ, ಅಂದರೆ ಸುಮಾರು 305 ಮಿ.ಮೀ. ಎಂದಿಟ್ಟುಕೊಂಡರೆ, ಅಂಚಿನ ತಗ್ಗನ್ನು ತಿಳಿಯಲು ಅಗಲದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಬೇಕು. ಚುಕ್ಕೆಗೆ ಇದು 0.015 ಮಿ.ಮೀ.; ಗಣನೆಗೆ ಬಾರದು. 40 ಮಿ.ಮೀ. ಚೌಕಕ್ಕಾದರೆ 0.66 ಮಿ.ಮೀ. ಒಂದೂವರೆ ಮಿ.ಮೀ. ದಪ್ಪದ ಚಿಪ್ಪನ್ನು ಕೂಡಿಸಿ ಬಾಗಿಗೆ ಸರಿಯಾಗಿ ಉಜ್ಜಿದರೆ ಅಂಚಿನಲ್ಲಿ ಉಳಿಯುವುದು 0.84 ಮಿ.ಮೀ. ಮಾತ್ರ. ಚಿಪ್ಪನ್ನು ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ, ನೀರು ಹಾಕಿ ಉಜ್ಜಬೇಕು, ಮೂಗಿಗೆ ಕವಚ ಕಟ್ಟಿಕೊಳ್ಳಬೇಕು.

ನಾದಕ್ಕೆ ಇದರಿಂದ ಏನಾದರೂ ಆಗುತ್ತದೆಯೆ?

ಚಿಪ್ಪಿನ ಚುಕ್ಕೆಗಳಿಂದ ನಾದ ಕೂಡುತ್ತದೆಂದು ಹೇಳುವವರಿದ್ದಾರೆ. ತೂಕವನ್ನೇ ಲೆಕ್ಕ ಮಾಡಿ ನೋಡೋಣ. 6 ಮಿ.ಮೀ. ವ್ಯಾಸ, 1.5 ಮಿ.ಮೀ. ದಪ್ಪದ ಚುಕ್ಕೆಯ ಘನಗಾತ್ರ ಸುಮಾರು 42 ಘನ ಮಿ.ಮೀ. ಚಿಪ್ಪಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ಆದುದರಿಂದ ಚುಕ್ಕೆಯ ತೂಕ 0.115 ಗ್ರಾಂ, ಹತ್ತು ಚುಕ್ಕೆಗಳಿಗೆ 1.15 ಗ್ರಾಂ. ಆ ಸ್ಥಳದಿಂದ ಕೊರೆದು ತೆಗೆದ ಮರದ ತೂಕ, ಸಾಂದ್ರತೆ 0.85ರಂತೆ, 0.36 ಗ್ರಾಂ. ನಿಜವಾಗಿ ಕೂಡಿದ್ದು 0.8 ಗ್ರಾಂ. 460 ಮಿ.ಮೀ. ಉದ್ದ, 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಬೀಟೆಯ ಹಲಗೆಯ ತೂಕವೇ ಸುಮಾರು 117 ಗ್ರಾಂ. ನೂರಕ್ಕೆ ಒಂದರಷ್ಟೂ ಆಗದ ಈ ಹೆಚ್ಚಳವು, ಮೂರು ನಾಲ್ಕು ಕಿಲೋಗ್ರಾಂ ತೂಗುವ ವಿದ್ಯುತ್ ಗಿಟಾರಿನ ನಾದವನ್ನು ಕಿವಿಗೆ ತಿಳಿಯುವಂತೆ ಬದಲಿಸುವುದೆಂದು ನಂಬಲು ಆಧಾರವಿಲ್ಲ. ಆದುದರಿಂದ ಚಿಪ್ಪಿಗೆ ಕೊಡುವ ಹಣ ಕಣ್ಣಿಗಾಗಿ ಕೊಟ್ಟದ್ದೇ ಹೊರತು ಕಿವಿಗಾಗಿ ಅಲ್ಲ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ತಿಳಿದು ಕೊಟ್ಟರೆ ಸಾಕು.

ಚೆಲುವಿನ ಬೆಲೆ

ಬೆಲೆಯನ್ನು ಕೊಡುವವರು ನಾವಷ್ಟೇ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅಂಬಾವಿಲಾಸದ ಬಾಗಿಲಿನ ಬಿಳುಪಿಗೆ ಆನೆಗಳು ದಂತವನ್ನು ತೆತ್ತಿವೆ. ಭಾರತದ ವನ್ಯಜೀವಿ ಸಂರಕ್ಷಣಾ ಶಾಸನವು 1972ರಲ್ಲಿ ಬಂದಿತು. 1986ರ ತಿದ್ದುಪಡಿಯು ಭಾರತೀಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿಯು ಹೊರದೇಶದಿಂದ ತಂದ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಲ್ಲಿಸಿದುವು. ಮೈಸೂರಿನ ಇನ್‌ಲೇ ಕೆಲಸ ಇದರಿಂದ ಸಾಯಲಿಲ್ಲ. ದಂತದ ಸ್ಥಳಕ್ಕೆ ಪ್ಲಾಸ್ಟಿಕು ಬಂದಿತು. ಹಲಸಿನ ಹಳದಿ, ಎಬೊನಿಯ ಕಪ್ಪು ಎಂದು ಬಗೆಬಗೆಯ ಮರಗಳ ಸಹಜವರ್ಣಗಳಿಂದಲೇ ಚಿತ್ರ ಬಿಡಿಸುವ ರೀತಿಯೂ ಬೆಳೆಯಿತು. ಸಯ್ಯಾಜಿರಾವ್ ರಸ್ತೆಯ ಕಾವೇರಿ ಕರಕುಶಲ ಮಳಿಗೆಗೆ ಹೋದವರು ಇಂಥ ಫಲಕಗಳನ್ನು ನೋಡಬಹುದು. ಆಕಾಶಕ್ಕೆ ಒಂದು ಮರ, ನೆಲಕ್ಕೆ ಒಂದು ಮರ, ಆನೆಯ ಮೈಗೆ ಇನ್ನೊಂದು ಮರ. ಆನೆಯ ಚಿತ್ರಕ್ಕೆ ಆನೆಯನ್ನು ಕೊಲ್ಲಬೇಕಾಗಿಲ್ಲವೆಂಬುದು ಈ ಕಲೆಯ ದೊಡ್ಡ ಗೆಲವು.

ಬೀಟೆಯ ಕಥೆಯೂ ಇದಕ್ಕೆ ಸೇರಿದ್ದು. ನಮ್ಮ ಮಲೆನಾಡಿನ ಬೀಟೆಗೆ ಸಸ್ಯಶಾಸ್ತ್ರದಲ್ಲಿ ಡಾಲ್ಬರ್ಜಿಯ ಲ್ಯಾಟಿಫೋಲಿಯ ಎಂದು ಹೆಸರು. ಹಿಂದೆ ಗಿಟಾರು ತಯಾರಕರು ಬ್ರೆಜಿಲಿನ ಬೀಟೆಯನ್ನು ಬಯಸುತ್ತಿದ್ದರು. ಅದು ದುರ್ಲಭವಾಗುತ್ತ ಬಂದಾಗ, 1960ರ ದಶಕದ ಕೊನೆಯ ಭಾಗದಿಂದ ಭಾರತದ ಬೀಟೆಯ ಕಡೆಗೆ ತಿರುಗಿದರು. ಹೆಸರಾಂತ ಮಾರ್ಟಿನ್ ಸಂಸ್ಥೆ ಹೀಗೆ ಬದಲಾಯಿಸಿಕೊಂಡದ್ದು 1969ರಲ್ಲಿ. ಬ್ರೆಜಿಲಿನ ಬೀಟೆಗೆ 1992ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದದ ಅತ್ಯಂತ ಬಿಗಿಯಾದ ರಕ್ಷಣೆ ದೊರೆಯಿತು. 2011ರಲ್ಲಿ ಅಮೆರಿಕದ ಸರಕಾರವು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿ, ಭಾರತದಿಂದ ಬಂದ ಬೀಟೆ ಮತ್ತು ಎಬೊನಿಯ ಬೆರಳುಹಲಗೆಗಳನ್ನು ವಶಪಡಿಸಿಕೊಂಡಿತು. ನಮ್ಮ ದೇಶದ ರಫ್ತಿನ ನಿಯಮದಲ್ಲಿ ಅವನ್ನು ಕೊಯ್ದ ಮರವೆಂದು ಎಣಿಸಬೇಕೋ, ವಾದ್ಯದ ಭಾಗವೆಂದು ಎಣಿಸಬೇಕೋ ಎಂಬುದೇ ತೊಡಕಾಗಿತ್ತು. 2012ರ ಒಪ್ಪಂದದಲ್ಲಿ, ಮುಖ್ಯವಾಗಿ ಮಡಗಾಸ್ಕರದ ಎಬೊನಿಗೆ ಸಂಬಂಧಿಸಿದಂತೆ, ಆ ಸಂಸ್ಥೆ 3 ಲಕ್ಷ ಡಾಲರು ದಂಡ ತೆರಲು ಒಪ್ಪಿತು. 2017ರ ಜನವರಿ 2ರಿಂದ ಡಾಲ್ಬರ್ಜಿಯ ಕುಲದ ಉಳಿದೆಲ್ಲ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಪರವಾನಗಿ ಬೇಕಾಯಿತು. ಸಿದ್ಧವಾದ ವಾದ್ಯಗಳಿಗೆ ಇದರಿಂದ ವಿನಾಯಿತಿ ಕೊಡಲು 2019ರಲ್ಲಿ ಜಿನೀವದ ಸಭೆಯಲ್ಲಿ ತೀರ್ಮಾನವಾಯಿತು. ಆರು ಮಿಲಿಮೀಟರು ದಪ್ಪದ ಒಂದು ಹಲಗೆಯ ಹಿಂದೆ ಇಷ್ಟು ರಾಷ್ಟ್ರಗಳ ವಾದವಿವಾದವಿದೆಯೆಂದರೆ, ಒಂದು ಬೀಟೆಮರ ಬೆಳೆದು ಬಲಿಯಲು ಎಷ್ಟು ಕಾಲ ಬೇಕೆಂಬುದನ್ನು ಲೋಕವು ತಡವಾಗಿಯಾದರೂ ಮನಗಂಡಿದೆಯೆಂದು ಅರ್ಥ.

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗಗಳು

ಗಿಟಾರು ಇಲ್ಲದವರು ನಿರಾಶರಾಗಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೊನೊಮೀಟರು ಇದ್ದೇ ಇರುತ್ತದೆ. ಅದರ ಎರಡು ಕುದುರೆಗಳನ್ನು 648 ಮಿ.ಮೀ. ಅಂತರದಲ್ಲಿ ನಿಲ್ಲಿಸಿರಿ. ಕಾಗದದ ಪಟ್ಟಿಯೊಂದರ ಮೇಲೆ ಮೇಲೆ ಕೊಟ್ಟಿರುವ ಎರಡು ಸಾಲಿನ ದೂರಗಳನ್ನೂ ಗುರುತುಹಾಕಿ ತಂತಿಯ ಕೆಳಗೆ ಅಂಟಿಸಿರಿ. ತಂತಿಯನ್ನು ಗರಿಯಿಂದ ಸೋಕಿಸಿ ಮೀಟುತ್ತ ಹೋಗಿ, ಯಾವ ಗುರುತಿನಲ್ಲಿ ಸ್ವರವು ತಿಳಿಯಾಗಿ ಹೊರಡುತ್ತದೆಂಬುದನ್ನು ಬರೆದಿಡಿರಿ. ಭಿನ್ನರಾಶಿಯ ಗುರುತುಗಳೇ ಗೆಲ್ಲುವುದನ್ನು ಕಾಣುವಿರಿ. ಎರಡನೆಯದಾಗಿ, ಕಡಲತೀರದಿಂದ ತಂದ ಸಿಂಪಿಯ ಒಳಮೈಯನ್ನು ಒಂದೇ ದೀಪದ ಕೆಳಗೆ ಹಿಡಿದು ಮೆಲ್ಲನೆ ವಾಲಿಸಿರಿ. ಒಂದು ಸ್ಥಳವನ್ನೇ ಗುರಿಯಿಟ್ಟು ನೋಡಿದರೆ, ಕೆಂಪು ಹಸಿರಿಗೂ ಹಸಿರು ನೀಲಿಗೂ ಸರಿಯುತ್ತದೆಯೇ ಹೊರತು ಹಿಂದುಮುಂದಾಗುವುದಿಲ್ಲ. ಕೊಸೈನು ಕಡಿಮೆಯಾಗುವುದನ್ನು ಕಣ್ಣಿನಿಂದಲೇ ಕಂಡಂತಾಯಿತು.

ಗುರುತು, ಒಡವೆ, ಬೆಳಕು, ಮರ, ಕಾನೂನು: ಇವೆಲ್ಲ ಬೆರಳಗಲದ ಒಂದು ಚುಕ್ಕೆಯಲ್ಲಿ ಕೂಡಿವೆ. ಇನ್ನು ಮುಂದೆ ಗಿಟಾರನ್ನು ನೋಡಿದಾಗ ವಾಚಕರು ಅದರ ಚುಕ್ಕೆಗಳನ್ನು ಒಮ್ಮೆ ಎಣಿಸಿ, ಅವು ಚಿಪ್ಪೋ ಪ್ಲಾಸ್ಟಿಕೋ ಎಂಬುದನ್ನು ವಾಲಿಸಿ ನೋಡಿ ತಿಳಿಯಲಿ. ಬಣ್ಣವು ಕೋನದೊಡನೆ ನೀಲಿಗೆ ಜಾರಿ ಆಳದಿಂದ ಹೊಮ್ಮಿದಂತೆ ತೋರಿದರೆ ಅದು ಸಮುದ್ರದಿಂದ ಬಂದದ್ದು. ಹೊಳಪು ಸುಳಿಸುಳಿಯಾಗಿ ಒಂದೇ ಬಿಳುಪಿನಲ್ಲಿ ನಿಂತರೆ ಅದು ಕಾರ್ಖಾನೆಯಿಂದ ಬಂದದ್ದು.